ರೇಡಿಯೋಗೆ ಅಂಗಿ ತೊಡಿಸಿದ ವೆಂಕಟರಾಯಪ್ಪ

ಹಿಂದೂಪುರದ ಪರಿಗಿ ರಸ್ತೆಯಲ್ಲಿ ಬೆಲ್ಲದ ಮಂಡಿಗಳ ವಾಸನೆ ಮುಗಿದು ಹುಣಿಸೆಹಣ್ಣಿನ ವಾಸನೆ ಶುರುವಾಗುವ ತಿರುವಿನಲ್ಲಿ ಹಲಗೆ ಬಾಗಿಲಿನ ಒಂದು ಮಳಿಗೆಯಿತ್ತು. ಅಲ್ಲಿ ಕೂತು ವೆಂಕಟರಾಯಪ್ಪ ಎಂಬ ದರ್ಜಿ ಇಡೀ ಊರನ್ನು ಸೊಂಟದಿಂದ ಕೆಳಕ್ಕೆ ಆಳುತ್ತಿದ್ದ. ಸೊಂಟದಿಂದ ಮೇಲಿನ ಸಾಮ್ರಾಜ್ಯ ಬೇರೆ ದರ್ಜಿಗಳಿಗೆ ಹಂಚಿಹೋಗಿತ್ತು. ಒಬ್ಬ ಕೋಟುಗಳಿಗೆ ಹೆಸರಾಗಿದ್ದ, ಒಬ್ಬ ಜುಬ್ಬಕ್ಕೆ, ಮಸೀದಿ ಹಿಂದಿನವನು ರವಿಕೆಗೆ. ವೆಂಕಟರಾಯಪ್ಪನ ಪಾಲಿಗೆ ಅವನ ಅಪ್ಪನಿಂದ ಬಂದದ್ದು ಚಡ್ಡಿ.

ಅವನು ಅದನ್ನು ಸುಮ್ಮನೆ ಹೊಲಿದುಕೊಂಡು ಕೂತವನಲ್ಲ. ಐವತ್ತಮೂರನೇ ಇಸವಿಯಲ್ಲಿ ದೊಡ್ಡವರೆಲ್ಲ ಕೂತು ಹೊಸ ಆಂಧ್ರ ರಾಜ್ಯಕ್ಕೆ ಗಡಿ ಎಳೆಯುತ್ತಿದ್ದಾಗ ವೆಂಕಟರಾಯಪ್ಪ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ ಒಂದು ಸುರುಳಿ ಎಲಾಸ್ಟಿಕ್ ತಂದ. ಅಂದಿಗೆ ಹಿಂದೂಪುರದಲ್ಲಿ ಲಾಡಿಯ ಯುಗ ಮುಗಿಯಿತು. ಹಿರಿಯರು ತಕರಾರು ತೆಗೆದರು. ಗಂಟು ಹಾಕದೆ ನಿಲ್ಲುವ ಬಟ್ಟೆಯನ್ನು ನಂಬುವುದು ಹೇಗೆ ಎಂಬುದು ಅವರ ವಾದ. ಶಾಲೆಯ ಹುಡುಗರು ಮಾತ್ರ, ಲಾಡಿ ಗಂಟುಬಿದ್ದು ಅವಸರದಲ್ಲಿ ಬಿಚ್ಚಲಾಗದೆ ತಲೆತಲಾಂತರದಿಂದ ಪಟ್ಟ ಪಾಡನ್ನು ನೆನೆದು, ಒಂದೇ ಬೇಸಿಗೆಯಲ್ಲಿ ಎಲಾಸ್ಟಿಕ್ಕಿನ ಕಡೆ ಬಂದುಬಿಟ್ಟರು. ಹುಡುಗರು ಬಂದ ಮೇಲೆ ಅಪ್ಪಂದಿರು ಬಂದರು. ಹಿರಿಯರೂ ಬಂದರು, ಆದರೆ ಬೆಳಕು ಹರಿಯುವ ಮುಂಚೆ ಅಂಗಡಿಗೆ ಬಂದು ಹೋಗುತ್ತಿದ್ದರು.

ಇಷ್ಟು ದೊಡ್ಡ ಕ್ರಾಂತಿ ಮಾಡಿದವನಿಗೆ ಊರು ಕೊಟ್ಟ ಬಿರುದು ಚಡ್ಡಿ ವೆಂಕಟರಾಯಪ್ಪ. ಮದುವೆಯ ಕರೆಯೋಲೆಯ ಮೇಲೂ ಹಾಗೆಯೇ ಬರೆಯುತ್ತಿದ್ದರು. ಅಂಚೆಯವನು ಬೀದಿಯ ಆ ತುದಿಯಿಂದಲೇ ಹಾಗೆಯೇ ಕೂಗುತ್ತಿದ್ದ. ಅಂದಿನಿಂದ ಅವನು ಆಸೆಪಟ್ಟದ್ದು ಒಂದನ್ನೇ, ಆ ಮೊದಲನೆಯ ಪದ ತನ್ನ ಹೆಸರಿನಿಂದ ಉದುರಿ ಹೋಗಬೇಕು. ಹೆಂಡತಿ ರಂಗಲಕ್ಷ್ಮಮ್ಮನಿಗೆ ಈ ದುಃಖ ಅರ್ಥವಾಗುತ್ತಿರಲಿಲ್ಲ.

"ಅದರಾಗೇನೈತೆ ನಾಚ್ಕೆ? ಕಲೆಕ್ಟ್ರು ಬಂದ್ರೂ ಚಡ್ಡಿ ಹಾಕ್ಕಂಡೇ ಬತ್ತಾನೆ ಕಣಪ್ಪ," ಎನ್ನುತ್ತಿದ್ದಳು.

"ಬತ್ತಾನೆ ಸರಿ. ಅವನ್ನ ಯಾರಾನ ಚಡ್ಡಿ ಕಲೆಕ್ಟ್ರು ಅಂತಾರಾ?"

ರಂಗಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಒಳಕ್ಕೆ ಹೋಗಿ ನಗುತ್ತಿದ್ದಳು.

ಬಿಡುಗಡೆಯ ದಾರಿ ಬೆಲ್ಲದ ಮಂಡಿಯಿಂದ ತೆರೆದುಕೊಂಡಿತು. ಮಂಡಿಯ ಕೇಶವಯ್ಯನ ಮನೆಗೆ ಒಂದು ರೇಡಿಯೋ ಬಂತು. ಹೊಳೆಯುವ ಮರದ ಪೆಟ್ಟಿಗೆ, ಮುಂದೆ ಜರಿಯಂಥ ಬಟ್ಟೆ, ಎರಡು ತಿರುಗಣಿ. ಬೆಲ್ಲದ ಧೂಳು ಅಂಟುವ ಧೂಳು. ಅದು ಪೆಟ್ಟಿಗೆಯೊಳಕ್ಕೆ ಇಳಿದು, ಹಿಂದೆ ಇರುವೆಗಳು ಇಳಿದು, ನಾಲ್ಕೇ ತಿಂಗಳಲ್ಲಿ ರೇಡಿಯೋ ಎಲ್ಲ ಭಾಷೆಗಳಲ್ಲೂ ಗೊರಗೊರ ಅನ್ನತೊಡಗಿತು. ರಿಪೇರಿ ಮಾಡಿಸಿ ತಂದ ಕೇಶವಯ್ಯ ಅದರ ಮೇಲೆ ಟವೆಲು ಹೊದಿಸಿದ. ಟವೆಲು ಜಾರಿತು. ದಾರದಿಂದ ಕಟ್ಟಿದ. ವಾರ್ತೆ ಕೇಳಲು ಕೂತಾಗ ಗಂಟು ಬಿಚ್ಚುವಷ್ಟರಲ್ಲಿ ವಾರ್ತೆ ಮುಗಿದು ಹವಾಮಾನ ಬರುತ್ತಿತ್ತು. ಲಾಡಿಯ ಕಷ್ಟ ಬಲ್ಲ ಊರು ಅದು. ಕೇಶವಯ್ಯನಿಗೆ ತಟ್ಟನೆ ವೆಂಕಟರಾಯಪ್ಪ ನೆನಪಾದ.

ವೆಂಕಟರಾಯಪ್ಪ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಟೇಪು ಹಿಡಿದು ಬಂದ. ರೇಡಿಯೋವನ್ನು ಮನುಷ್ಯರಂತೆಯೇ ಅಳೆದ. ದನಿ ಬರುವ ಮುಂಭಾಗ ಎದೆ, ಮೇಲಿನ ಎರಡು ಮೂಲೆ ಭುಜ, ಕೆಳಗಿನ ಸುತ್ತು ಸೊಂಟ. ದಪ್ಪ ಖಾಕಿ ಡ್ರಿಲ್ ಬಟ್ಟೆಯಲ್ಲಿ ಕತ್ತರಿಸಿ, ಕೆಳಗಿನ ಅಂಚಿನ ಸುತ್ತ ಎಲಾಸ್ಟಿಕ್ ಸೇರಿಸಿ ಹೊಲಿದ ಕವರನ್ನು ಮೇಲಿನಿಂದ ಎಳೆದು ಬಿಟ್ಟರೆ ಅದು ಟಪ್ ಎಂದು ಪೆಟ್ಟಿಗೆಯ ಬುಡವನ್ನು ಕಚ್ಚಿಕೊಂಡಿತು. ಇರುವೆಗೂ ದಾರಿಯಿಲ್ಲ, ಧೂಳಿಗೂ ದಾರಿಯಿಲ್ಲ. ಆ ಟಪ್ ಎಂಬ ಸದ್ದಿಗೆ ವೆಂಕಟರಾಯಪ್ಪ ಕಣ್ಣು ಮುಚ್ಚಿ ತಲೆದೂಗಿದ. ಸಂಗೀತಗಾರರು ಶ್ರುತಿ ಸೇರಿದಾಗ ಹಾಗೆ ಮಾಡುವುದುಂಟು.

ಮೊದಲ ದಿನವೇ ಕೇಶವಯ್ಯ ಕವರು ತೆಗೆಯದೆ ರೇಡಿಯೋ ಹಾಕಿ, ಒಳಗಿನ ಗಾಜಿನ ವಾಲ್ವು ಕಾದು, ಮನೆಯೆಲ್ಲ ಇಸ್ತ್ರಿಗೆ ಬಟ್ಟೆ ಸುಟ್ಟ ವಾಸನೆ ಬಂತು. ಹಾಡುವ ಮುಂಚೆ ಅಂಗಿ ಬಿಚ್ಚಬೇಕು ಎಂಬ ನಿಯಮವನ್ನು ವೆಂಕಟರಾಯಪ್ಪ ಅಂದು ಘೋಷಿಸಿದ. ಇನ್ನೊಂದು ನಿಯಮ ಅವನು ತನಗೇ ಹಾಕಿಕೊಂಡದ್ದು. ರೇಡಿಯೋವನ್ನು ತನ್ನ ಕೈಯಿಂದ ಅಳೆಯದೆ ಬಟ್ಟೆಗೆ ಕತ್ತರಿ ಹಾಕಬಾರದು. ಕವರು ಮೈಗೆ ಕೂರಬೇಕು. ಸಡಿಲವಾಗಿದ್ದರೆ ಅದು ಚೀಲ, ಕವರಲ್ಲ.

ಎರಡು ವರ್ಷದಲ್ಲಿ ಊರಿನ ರೇಡಿಯೋ ಇದ್ದ ಮನೆಗಳೆಲ್ಲ ಅವನ ಗಿರಾಕಿಗಳಾದವು. ಡಾಕ್ಟರೊಬ್ಬರ ಮನೆಯ ರಕ್ತದೊತ್ತಡ ಅಳೆಯುವ ಪೆಟ್ಟಿಗೆಗೂ, ಟೂರಿಂಗ್ ಟಾಕೀಸಿನ ಆಂಪ್ಲಿಫೈಯರಿಗೂ ಅವನು ಅಂಗಿ ತೊಡಿಸಿದ. ಈಗಾದರೂ ಊರು ತನ್ನನ್ನು ರೇಡಿಯೋ ವೆಂಕಟರಾಯಪ್ಪ ಎನ್ನಬಹುದೆಂದು ಕಾದ. ಊರು ಅಂದದ್ದು ಇಷ್ಟೇ: ಚಡ್ಡಿ ವೆಂಕಟರಾಯಪ್ಪ ರೇಡಿಯೋಗಳಿಗೂ ಚಡ್ಡಿ ಹೊಲಿಯುತ್ತಾನಂತೆ.

ಈ ಕಳಂಕವನ್ನು ತೊಳೆಯಲು ಸರಕಾರದಿಂದ ಮಾತ್ರ ಸಾಧ್ಯವೆಂದು ಅವನಿಗೆ ಮನವರಿಕೆಯಾಯಿತು. ಸರಕಾರ ಕಲ್ಯಾಣದುರ್ಗದ ಕಡೆಯಿಂದ ಬಂತು.

ಅವನ ತಂಗಿ ಕೊಂಡಮ್ಮನನ್ನು ಬ್ರಹ್ಮಸಮುದ್ರದ ಓಬಣ್ಣನಿಗೆ ಕೊಟ್ಟಿತ್ತು. ಓಬಣ್ಣ ಅಲ್ಲಿನ ಪಂಚಾಯತಿ ರೇಡಿಯೋದ ಉಸ್ತುವಾರಿ. ಸಾಯಂಕಾಲ ಪಂಚಾಯತಿ ಕೋಣೆಯ ಬೀಗ ತೆಗೆದು, ರೇಡಿಯೋ ಹಾಕಿ, ರೈತರ ಕಾರ್ಯಕ್ರಮ ಮುಗಿದ ಮೇಲೆ ಆರಿಸಿ ಬೀಗ ಹಾಕುವುದು ಅವನ ಅಧಿಕಾರ. ಆ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ರೇಡಿಯೋ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಇಟ್ಟಿಗೆಯಂಥ ದಪ್ಪ ಬ್ಯಾಟರಿ ರೇಡಿಯೋದ ಹಿಂದೆ ಕೂತಿರುತ್ತಿತ್ತು, ನಡುವೆ ವೈರು. ಆ ಸೀಮೆಯ ಊರುಗಳ ರೇಡಿಯೋಗಳನ್ನು ನೋಡಿಕೊಳ್ಳುತ್ತಿದ್ದ ಸೂಪರ್‌ವೈಜರ್ ಅಮರೇಶಪ್ಪ ಜೀಪಿನಲ್ಲಿ ಬಂದಾಗಲೆಲ್ಲ ಯಾವುದಾದರೂ ಒಂದು ಕೆಟ್ಟಿರುತ್ತಿತ್ತು. ಓಬಣ್ಣ ಒಂದು ದಿನ ತನ್ನ ಭಾವಮೈದುನನ ಕವರುಗಳ ಕೀರ್ತಿಯನ್ನು ಅವನ ಕಿವಿಗೆ ಹಾಕಿದ.

ಅಮರೇಶಪ್ಪ ಒಂದು ಪರೀಕ್ಷೆ ಇಟ್ಟ. ಬ್ರಹ್ಮಸಮುದ್ರದ ರೇಡಿಯೋಗೆ ಒಂದು ಕವರು ಹಾಕಿಸಿ. ಆಷಾಢದ ಗಾಳಿ ಮುಗಿಯುವವರೆಗೆ ರೇಡಿಯೋ ಕೆಡದೆ ಇದ್ದರೆ ತನ್ನ ಸುಪರ್ದಿನ ಎಲ್ಲ ಊರುಗಳಿಗೂ ಅದೇ ದರ್ಜಿಯಿಂದ ಕವರು. ಕೆಟ್ಟರೆ ಮಾತು ಅಲ್ಲಿಗೆ ಮುಗಿಯಿತು.

ಆ ಸೀಮೆಯ ಆಷಾಢದ ಗಾಳಿಯೆಂದರೆ ಹೊಲದ ಮಣ್ಣು ಒಬ್ಬರದಿಂದ ಇನ್ನೊಬ್ಬರದಕ್ಕೆ ಹೋಗಿ ದಾಖಲೆಯಿಲ್ಲದೆ ಮಾಲೀಕರು ಬದಲಾಗುವ ಕಾಲ. ವೆಂಕಟರಾಯಪ್ಪನಿಗೆ ಅದಕ್ಕಿಂತ ತಕ್ಕ ಯುದ್ಧಭೂಮಿ ಬೇಕಿರಲಿಲ್ಲ. ಆದರೆ ಸುದ್ದಿ ಬಂದದ್ದು ಶಾಲೆ ತೆರೆಯುವ ಮುಂಚಿನ ವಾರದಲ್ಲಿ. ಅಂಗಡಿಯಲ್ಲಿ ಖಾಕಿ ಚಡ್ಡಿಗಳ ಬೆಟ್ಟ, ಬಾಗಿಲಲ್ಲಿ ಹುಡುಗರ ತಾಯಂದಿರು. ರೇಡಿಯೋ ಅಳೆಯಲು ಹೊರಟವನನ್ನು ಚಡ್ಡಿಗಳು ಕಾಲು ಹಿಡಿದು ಕೂರಿಸಿದವು. ಬೇರೆ ದಾರಿ ಕಾಣದೆ ತನ್ನ ನಿಯಮವನ್ನು ಮುರಿದು, ಅಳತೆಯ ದಾರ ಕಳಿಸು ಎಂದು ತಂಗಿಗೆ ಹೇಳಿ ಕಳಿಸಿದ.

ದಾರದ ಅಳತೆ ಆ ಕಡೆಯ ಹಳ್ಳಿಗಳ ಹಳೆಯ ಪದ್ಧತಿ. ಮಗುವಿಗೆ ಬಟ್ಟೆ ಬೇಕಾದರೆ ಮಗುವನ್ನು ಕರೆದುಕೊಂಡು ಪೇಟೆಗೆ ಹೋಗುವುದಿಲ್ಲ. ದಾರದಿಂದ ಮೈ ಸುತ್ತಿ, ಗಂಟು ಹಾಕಿ, ದಾರವನ್ನು ಕಳಿಸುತ್ತಾರೆ. ಮಗು ಬೆಳೆಯುತ್ತದಲ್ಲ, ಅದಕ್ಕೊಂದು ಗೇಣು ಹೆಚ್ಚಿಗೆ ಬಿಟ್ಟೇ ಗಂಟು ಹಾಕುವುದು.

ಕೊಂಡಮ್ಮ ರೇಡಿಯೋವನ್ನು ದಾರದಿಂದ ಸುತ್ತಿದಳು. ಆರು ಮಕ್ಕಳನ್ನು ಸುತ್ತಿದ್ದ ಅವಳ ಕೈ ತಾನಾಗಿಯೇ ಒಂದು ಗೇಣು ಬಿಟ್ಟು ಗಂಟು ಹಾಕಿತು. ಓಬಣ್ಣ ಅದನ್ನು ತೆಗೆದುಕೊಂಡು, ಹೆಂಗಸರ ಗೇಣು ಚಿಕ್ಕದು ಎಂದುಕೊಂಡು, ಆ ಗಂಟು ಬಿಚ್ಚಿ ತನ್ನದೊಂದು ಗೇಣು ಸೇರಿಸಿ ಹೊಸ ಗಂಟು ಹಾಕಿದ. ದಾರ ಹಿಂದೂಪುರಕ್ಕೆ ಬಂತು. ವೆಂಕಟರಾಯಪ್ಪ ಅದನ್ನು ಬಟ್ಟೆಯ ಮೇಲೆ ಹಾಸಿದ. ಅವನ ಕೈಗೂ ಹಳ್ಳಿಯ ದಾರವೆಂದರೆ ಮಗುವೇ. ಕತ್ತರಿ ಗಂಟನ್ನು ದಾಟಿ ಇನ್ನೂ ಒಂದು ಗೇಣು ಮುಂದೆ ಹೋಗಿ ನಿಂತಿತು. ರೇಡಿಯೋ ಬೆಳೆಯುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಮೂವರ ಕೈಗಳಿಗೆ ಮಾತ್ರ ಅದನ್ನು ಯಾರೂ ತಿಳಿಸಿರಲಿಲ್ಲ.

ಕವರು ಬಸ್ಸಿನಲ್ಲಿ ಹೋಯಿತು. ಗಾಳಿ ಶುರುವಾಯಿತು. ಆಷಾಢ ಮುಗಿಯುತ್ತ ಬಂದಾಗ ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಮುನೆಪ್ಪ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ನಿಂತು ಬೀಡಿ ಹಚ್ಚಿದ. ಬ್ರಹ್ಮಸಮುದ್ರದಲ್ಲಿ ಅವನ ಮಾವನ ಮನೆಯಿತ್ತು.

"ಏಮನ್ನಾ, ನಿನ್ನ ರೇಡಿಯೋ ನೋಡ್ಕಂಡು ಬಂದೆ," ಎಂದ.

ವೆಂಕಟರಾಯಪ್ಪ ಮಿಷನ್ ನಿಲ್ಲಿಸಿದ. "ಹೆಂಗೈತೆ?"

"ಹೆಂಗೈತೆ ಅಂದ್ರೆ, ತಾತನ ನಿಲುವಂಗಿ ಮೊಮ್ಮಗ ಹಾಕ್ಕಂಡಂಗೈತೆ. ನಾನು ಮೊದ್ಲು ಮೂಟೆ ಅನ್ಕಂಡೆ. ಆಮ್ಯಾಕೆ ಕವರು ತೆಗೆದ್ರು, ಅದು ಮಾತಾಡ್ತು."

"ನಾನು ಹೊಲಿದ ಕವರು ಕಣ್ಲಾ ಅದು. ಮೈಗೆ ಕೂತಿರ್ತೈತೆ."

"ಕೂತೈತೆ ಬಿಡು. ಅದರ ಜತೀಗೆ ಇನ್ನಿಬ್ರು ಕೂತ್ಕಬೋದು," ಎಂದು ಮುನೆಪ್ಪ ಬಸ್ಸಿನ ಕಡೆ ನಡೆದ.

ವೆಂಕಟರಾಯಪ್ಪ ಅಂದು ಊಟ ಮಾಡಲಿಲ್ಲ. ಕೆಲವೇ ದಿನಗಳಲ್ಲಿ ಅಮರೇಶಪ್ಪನ ಜೀಪು ಬರುವುದಿತ್ತು. ಸರಕಾರದ ಕಣ್ಣಿಗೆ ಬೀಳುವ ಅವನ ಮೊದಲ ಕವರು ಮೂಟೆಯಂತೆ ಕೂತಿದ್ದರೆ, ರೇಡಿಯೋ ದರ್ಜಿಯಾಗುವ ಮಾತು ಹಾಗಿರಲಿ, ಮೂಟೆ ವೆಂಕಟರಾಯಪ್ಪ ಎಂದು ಬಿರುದು ಬದಲಾಗುವ ಅಪಾಯವಿತ್ತು. ಮಾರನೆಯ ದಿನ ಕತ್ತರಿ, ಸೂಜಿ, ದಾರ, ಹೊಸ ಎಲಾಸ್ಟಿಕ್ ಕಟ್ಟಿಕೊಂಡು ಮೊದಲ ಬಸ್ಸು ಹತ್ತಿದ. ಬಸ್ಸು ಮಡಕಶಿರಾ ದಾಟಿ, ಪಾವಗಡದ ಹತ್ತಿರ ಒಂದು ರಾಜ್ಯ ಬಿಟ್ಟು ಇನ್ನೊಂದನ್ನು ಹೊಕ್ಕು, ಅದೂ ಹಿಡಿಸದೆ ಮೊದಲಿನದಕ್ಕೇ ಮರಳಿ, ಕಲ್ಯಾಣದುರ್ಗ ಸೇರಿತು. ಅಲ್ಲಿಂದ ಇನ್ನೊಂದು ಬಸ್ಸು. ಬ್ರಹ್ಮಸಮುದ್ರದಲ್ಲಿ ಇಳಿದಾಗ ಅವನ ಹುಬ್ಬಿನಿಂದ ಪಾದದವರೆಗೆ ಒಂದೇ ಬಣ್ಣ, ಕೆಂಪು.

ಕೊಂಡಮ್ಮ ಅಣ್ಣನಿಗೆ ನೀರು ಕೊಟ್ಟು ಪಂಚಾಯತಿ ಕೋಣೆಗೆ ಕರೆದುಕೊಂಡು ಹೋದಳು. ರೇಡಿಯೋ ಗೋಡೆಯ ಪಕ್ಕದ ಮೇಜಿನ ಮೇಲಿತ್ತು. ಇತ್ತು ಎಂದು ನಂಬಬೇಕಿತ್ತು, ಕಾಣುತ್ತಿದ್ದದ್ದು ನೆರಿಗೆ ನೆರಿಗೆಯಾದ ಒಂದು ಖಾಕಿ ಗುಡ್ಡ. ವೆಂಕಟರಾಯಪ್ಪ ಅದನ್ನು ಬೆರಳಿನಿಂದ ತಿವಿದು ನೋಡಿದ.

"ಇದರೊಳಗೆ ಏನೇನೈತೆ?" ಎಂದು ಕೇಳಿದ.

"ರೇಡಿಯಾ ಐತೆ, ಬ್ಯಾಟ್ರಿ ಐತೆ, ವೈರು ಐತೆ," ಎಂದಳು ಕೊಂಡಮ್ಮ. "ಅದೆಷ್ಟು ಚೆನ್ನಾಗಿ ಹೊಲ್ದಿದ್ದೀಯ ಅಂತೀಯಾ. ಮುಂಚೆ ಬ್ಯಾಟ್ರಿಗೂ ರೇಡಿಯಾಗೂ ಮಧ್ಯೆ ಸಂದು ಇರ್ತಿತ್ತು. ಊರ ಕೋಳಿಯೆಲ್ಲ ಕಿಟಕಿ ತೂರ್ಕಂಡು ಬಂದು ಆ ಸಂದಿನಾಗೆ ಮೊಟ್ಟೆ ಇಡೋವು. ಮಣ್ಣು ಕೆರೆಯೋವು, ವೈರು ಕಿತ್ತಾಕೋವು. ಈಗ ಎಲ್ಲಾ ಒಳಗ್ಹಾಕಿ ಎಳೆದ್ಬುಟ್ಟಿದ್ದೀನಿ. ಕೋಳಿಗೆ ಜಾಗ ಇಲ್ಲ."

"ಕೋಳಿ ವಿಷ್ಯ ನನ್ಗ್ಯಾಕೆ? ಕವರು ಮೈಗೆ ಕೂರ್ಬೇಕು."

"ಕೂತೈತಲ್ಲಣ್ಣ."

"ಇದು ಕೂರೋದಾ? ಇದು ಮಲಗೈತೆ." ಅವನು ಕವರನ್ನು ಎಳೆದು ತೆಗೆದ. ಟಪ್ ಎನ್ನಬೇಕಾದ್ದು ಬುಸ್ ಎಂದಿತು. "ನೀನು ದಾರಕ್ಕೆ ಗೇಣು ಸೇರ್ಸಿದ್ಯಾ?"

ಕೊಂಡಮ್ಮ ಬೆರಳು ಅಗಲಿಸಿ ನೋಡಿಕೊಂಡಳು. "ಸೇರ್ಸಿರ್ಬೇಕು."

ಬಾಗಿಲಲ್ಲಿ ನಿಂತಿದ್ದ ಓಬಣ್ಣ ಮೆಲ್ಲಗೆ ಕೆಮ್ಮಿ, ತಾನೂ ಒಂದು ಗೇಣು ಸೇರಿಸಿದ್ದೆ ಎಂದ. ವೆಂಕಟರಾಯಪ್ಪ ಇಬ್ಬರನ್ನೂ ಬೈಯಲು ಬಾಯಿ ತೆರೆದ. ಆಗ ಅವನಿಗೆ ತನ್ನ ಕತ್ತರಿ ಎಲ್ಲಿ ನಿಂತಿತ್ತೆಂಬುದು ನೆನಪಾಗಿ, ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಆ ಮೂರನೆಯ ಗೇಣಿನ ವಿಷಯವನ್ನು ಅವನು ಅಲ್ಲಿ ಎತ್ತಲಿಲ್ಲ.

"ಬಿಡಣ್ಣ, ಕತ್ತರಿಸ್ಬ್ಯಾಡ," ಎಂದಳು ಕೊಂಡಮ್ಮ. "ಗಾಳಿ ಪೂರಾ ತಡ್ಕಂಡೈತೆ. ಹಾಡ್ತಾ ಐತೆ. ಇನ್ನೇನು ಬೇಕು ನಿಂಗೆ?"

"ಆ ಅಮರೇಶಪ್ಪ ಬಂದು ಇದನ್ನ ನೋಡಿದ್ರೆ ನನ್ನ ಮರ್ವಾದೆ ಏನಾಗ್ಬೇಕು?"

"ರೇಡಿಯಾ ಕೆಟ್ರೆ ಏನಾಗ್ತೈತೆ?"

"ಕೆಡಲ್ಲ. ನಾನು ಹೊಲಿದ್ರೆ ಕೆಡಲ್ಲ," ಎಂದು ವೆಂಕಟರಾಯಪ್ಪ ನೆಲದ ಮೇಲೆ ಕೂತು, ಎಲಾಸ್ಟಿಕ್ಕಿನ ಅಂಚನ್ನು ಸುತ್ತಲೂ ಬಿಚ್ಚಿ, ಬದಿಯ ಹೊಲಿಗೆಗಳನ್ನೂ ಬಿಚ್ಚಿ, ರೇಡಿಯೋವನ್ನು ತನ್ನ ಕೈಯಿಂದಲೇ ಅಳೆದ. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಹೆಚ್ಚಿನ ಬಟ್ಟೆಯನ್ನು ಮಡಿಚಿ ಸೂಜಿ ಚುಚ್ಚತೊಡಗಿದ. ಮೊದಲು ಮಡಿಚಿ ನೋಡಬೇಕು, ಆಮೇಲೆ ಕತ್ತರಿ. ಆ ಶಿಸ್ತು ಅವನನ್ನು ಅಂದು ಉಳಿಸಿತು. ಯಾಕೆಂದರೆ ಕತ್ತರಿಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಅಮರೇಶಪ್ಪ ಕಂಬದೂರಿಗೆ ಹೋಗಬೇಕಾಗಿದ್ದವನು, ಅಲ್ಲಿಯ ದಾರಿಗೆ ಅಡ್ಡ ಮರ ಬಿದ್ದಿದ್ದರಿಂದ ಇತ್ತ ಬಂದಿದ್ದ.

ಜೀಪಿನ ಹಿಂದೆ ಊರು ಬಂತು. ಊರಿನ ಹಿಂದೆ ಕೋಳಿಗಳೂ ಬಂದವು.

ಅಮರೇಶಪ್ಪ ಯಾರನ್ನೂ ಮಾತಾಡಿಸದೆ ನೇರವಾಗಿ ರೇಡಿಯೋ ಹತ್ತಿರ ಹೋಗಿ, ತಿರುಗಣಿ ತಿರುಗಿಸಿದ. ಸ್ವಲ್ಪ ಹೊತ್ತಿನಲ್ಲಿ ಯಾರೋ ತೆಲುಗಿನಲ್ಲಿ ಕಡಲೆಕಾಯಿ ಗಿಡದ ಕೆಂಪು ಹುಳುವಿನ ಬಗ್ಗೆ ಸ್ಪಷ್ಟವಾಗಿ ಮಾತಾಡಿದರು. ಅಮರೇಶಪ್ಪ ಹಿಂದಿನ ಹಲಗೆ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿದ. ಬೆರಳಿಗೆ ಧೂಳು ಹತ್ತಲಿಲ್ಲ. ವೈರುಗಳನ್ನು ಮುಟ್ಟಿ ನೋಡಿದ. ಎಲ್ಲವೂ ಇದ್ದ ಜಾಗದಲ್ಲಿದ್ದವು. ಅವನು ಆ ವಾರ ನೋಡಿದ ರೇಡಿಯೋಗಳಲ್ಲಿ ಮಾತಾಡಿದ್ದು ಇದೊಂದೇ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

"ಕವರ್ ಏದಿ? ಎಲ್ಲಿ ಕವರು?" ಎಂದು ಕೇಳಿದ.

ಎಲ್ಲರೂ ನೆಲದ ಕಡೆ ನೋಡಿದರು. ವೆಂಕಟರಾಯಪ್ಪನ ತೊಡೆಯ ಮೇಲೆ ಬಿಚ್ಚಿದ ಖಾಕಿ ಬಟ್ಟೆ, ಕೊರಳಲ್ಲಿ ಎಲಾಸ್ಟಿಕ್, ಬಾಯಿ ತುಂಬ ಗುಂಡುಸೂಜಿ. ಅವನು ಏನೋ ಹೇಳಲು ಹೋದ. ಸೂಜಿಗಳ ನಡುವಿನಿಂದ ಮಾತು ಹೊರಬರಲಿಲ್ಲ.

"ಇವ್ನು ನಮ್ಮಣ್ಣ ಸಾ, ಹಿಂದೂಪುರದ ಟೈಲರು," ಎಂದಳು ಕೊಂಡಮ್ಮ. "ಕವರು ಒಗಿಯಾಕೆ ಅಂತ ಬಿಚ್ಚವ್ನೆ."

"ಹೊಲಿಗೆನೂ ಬಿಚ್ಚಿ ಒಗೀತಾರಾ?"

"ನಮ್ಮ ಹಿಂದೂಪುರದಾಗೆ ಹಂಗೇ ಸಾ. ಅವರು ಬಲು ಕ್ಲೀನು."

ಅಮರೇಶಪ್ಪ ಈ ವಿವರಣೆಯನ್ನು ಸ್ವೀಕರಿಸಿದ. ಹಿಂದೂಪುರದ ಬಗ್ಗೆ ಅವನಿಗೆ ಮೊದಲೇ ಏನೋ ಅಭಿಪ್ರಾಯವಿದ್ದಂತಿತ್ತು. "ಸರೇ, ಕವರು ಹೆಂಗಿತ್ತೋ ಹಂಗೆ ಹಾಕಿ ತೋರಿಸಿ. ನೋಡ್ಕೊಂಡೇ ಹೋಗ್ತೀನಿ," ಎಂದು ಕುರ್ಚಿ ಎಳೆದುಕೊಂಡು ಕೂತ.

ವೆಂಕಟರಾಯಪ್ಪ ಸೂಜಿಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದ. ತಕ್ಕ ಅಳತೆ ಅವನ ಬೆರಳುಗಳಲ್ಲಿತ್ತು. ಮಡಿಕೆಗಳು ಸಿದ್ಧವಾಗಿದ್ದವು. ಅವುಗಳ ಮೇಲೆ ಹೊಲಿದರೆ ಟಪ್ ಎನ್ನುವ ಕವರು, ಅವನ ಜೀವಮಾನದ ಅತ್ಯುತ್ತಮ ಕವರು, ಈಗಲೇ ಆಗುತ್ತಿತ್ತು. ಆದರೆ ಅದರೊಳಕ್ಕೆ ಬ್ಯಾಟರಿ ಹೋಗುವುದಿಲ್ಲ. ಅವನು ತಲೆ ಎತ್ತಿದ. ರೇಡಿಯೋದ ಹಿಂದಿನ ಸಂದಿಗೆ ಆಗಲೇ ಒಂದು ಕಂದು ಕೋಳಿ ತೂರಿಕೊಂಡು ವೈರಿನ ಮೇಲೆ ಕಾಲಿಟ್ಟು ಜಾಗ ಹದ ಮಾಡಿಕೊಳ್ಳುತ್ತಿತ್ತು. ಕೊಂಡಮ್ಮ ಕೋಳಿಯನ್ನು ಒಮ್ಮೆ ನೋಡಿದಳು, ಅಣ್ಣನನ್ನು ಒಮ್ಮೆ ನೋಡಿದಳು.

ಅವನು ಮಡಿಕೆಗಳನ್ನು ಬಿಡಿಸಿದ.

ಇಡೀ ಬ್ರಹ್ಮಸಮುದ್ರ ಸುತ್ತ ನಿಂತು ನೋಡುತ್ತಿರುವಾಗ, ಸಡಿಲು ಎಂಬ ಪದವನ್ನು ಅಂಗಡಿಯೊಳಗೆ ಆಡಗೊಡದಿದ್ದ ಮನುಷ್ಯ ಒಂದು ಗೇಣು, ಇನ್ನೊಂದು ಗೇಣು, ಮತ್ತೂ ಒಂದು ಗೇಣು ಸಡಿಲವನ್ನು ಒಂದೊಂದೇ ಕೈಹೊಲಿಗೆಯಿಂದ ಹಿಂದಕ್ಕೆ ಸೇರಿಸಿದ. ಎಲಾಸ್ಟಿಕ್ ಪೋಣಿಸಿದ. ಕೊಂಡಮ್ಮ ಕೋಳಿಯನ್ನು ಓಡಿಸಿ, ರೇಡಿಯೋ ಬ್ಯಾಟರಿ ವೈರು ಎಲ್ಲವನ್ನೂ ಒಟ್ಟು ಮಾಡಿ, ಮೇಲಿನಿಂದ ಕವರು ಎಳೆದಳು. ಗುಡ್ಡ ಮತ್ತೆ ಎದ್ದಿತು. ಕೋಳಿ ಬಂದು ಗುಡ್ಡವನ್ನು ಸುತ್ತು ಹಾಕಿ, ಸಂದು ಕಾಣದೆ, ಕಿಟಕಿಯಿಂದ ಹೊರಟುಹೋಯಿತು.

"ಬಾಗುಂದಿ, ಚೆನ್ನಾಗೈತೆ," ಎಂದ ಅಮರೇಶಪ್ಪ. "ಎಲ್ಲ ಊರಿಗೂ ಹಿಂಗೇ ಇರ್ಲಿ. ಇದೇ ಅಳತೆ. ಒಂದು ಅಂಗುಲ ಕೂಡ ಕಮ್ಮಿ ಮಾಡ್ಬೇಡಪ್ಪ."

"ಸಾ, ಸ್ವಲ್ಪ ಮೈಗೆ ಕೂರೋ ಹಂಗೆ..."

"ಯಾತಕ್ಕೆ? ಏನು ಮದುವೆಗೆ ಹೋಗ್ತೈತಾ ಇದು?"

ಊರು ನಕ್ಕಿತು. ವೆಂಕಟರಾಯಪ್ಪ ಸೂಜಿಗಳನ್ನು ಡಬ್ಬಿಗೆ ಹಾಕಿದ. ಸರಕಾರದ ದರ್ಜಿಯಾಗಿ, ರೇಡಿಯೋಗಳ ದರ್ಜಿಯಾಗಿ ಅವನು ಆ ಕ್ಷಣದಿಂದ ನೇಮಕಗೊಂಡಿದ್ದ. ಬೇಕಾಗಿದ್ದದ್ದು ಅದೇ. ಅದು ಬಂದ ಆಕಾರ ಮಾತ್ರ ಹಿಂದೂಪುರಕ್ಕೆ ತೋರಿಸುವಂತಿರಲಿಲ್ಲ.

"ಹೊಲ್ದು ಕೊಡ್ತೀನಿ ಸಾ," ಎಂದ ಕೊನೆಗೆ. "ಆದ್ರೆ ಒಂದು ಮಾತು. ಹೊಲಿದೋನು ಯಾರು ಅಂತ ಯಾರಾನ ಕೇಳಿದ್ರೆ, ನೀವು ಹೇಳ್ಬಾರ್ದು."

ಅಮರೇಶಪ್ಪನಿಗೆ ಇದು ವಿನಯದಂತೆ ಕಂಡಿತು. ದೊಡ್ಡ ಮನುಷ್ಯ ಎಂದು ಜೀಪು ಹತ್ತುವಾಗ ಓಬಣ್ಣನಿಗೆ ಹೇಳಿ ಹೋದ.

ಶ್ರಾವಣ ಪೂರ್ತಿ ಪರಿಗಿ ರಸ್ತೆಯ ಅಂಗಡಿಯ ಹಲಗೆ ಬಾಗಿಲು ಅರ್ಧ ಮುಚ್ಚಿಕೊಂಡೇ ಇತ್ತು. ಒಳಗೆ ವೆಂಕಟರಾಯಪ್ಪ ಪ್ರತಿಯೊಂದು ಕವರಿಗೂ ಮೂರು ಗೇಣು ಬಿಟ್ಟು ಕತ್ತರಿಸುತ್ತಿದ್ದ. ಪ್ರತಿ ಸಲವೂ ಕತ್ತರಿ ಹಾಕುವಾಗ ಮುಖ ಆ ಕಡೆ ತಿರುಗಿಸುತ್ತಿದ್ದನೆಂದು ರಂಗಲಕ್ಷ್ಮಮ್ಮ ಹೇಳುತ್ತಾಳೆ. ಬೀದಿಯಲ್ಲಿ ಹೋಗುವವರು ಇಣುಕಿದರೆ ಖಾಕಿಯ ಮೇಲೆ ಪಂಚೆ ಎಳೆಯುತ್ತಿದ್ದ. ಹೊಲಿಗೆಯೆಲ್ಲ ಮುಗಿದ ಮೇಲೆ ಗೋಣಿಯಲ್ಲಿ ಕಟ್ಟಿ, ತಾನೇ ಹೊತ್ತು ಬಸ್‌ಸ್ಟ್ಯಾಂಡಿಗೆ ತಂದ.

ಮುನೆಪ್ಪ ಬಸ್ಸಿನ ಮೇಲೆ ಮೂಟೆ ಎಳೆದುಕೊಳ್ಳುತ್ತ ಅದನ್ನು ಒಮ್ಮೆ ಒತ್ತಿ ನೋಡಿದ. ಸುತ್ತ ಕಲ್ಯಾಣದುರ್ಗಕ್ಕೆ ಹೊರಟ ಜನ, ಬೆಲ್ಲದ ಮಂಡಿಯವರು, ಊರಿನ ಅರ್ಧದಷ್ಟು ಗಿರಾಕಿಗಳು ನಿಂತಿದ್ದರು.

"ಏಮನ್ನಾ ಇಷ್ಟು ದಪ್ಪ ಐತೆ? ಏನೈತೆ ಇದ್ರಾಗೆ?"

ವೆಂಕಟರಾಯಪ್ಪ ಸುತ್ತ ಒಮ್ಮೆ ನೋಡಿದ.

"ಚಡ್ಡಿ ಕಣಪ್ಪ," ಎಂದ.